ಪೆಡಲ್ ಮೆತ್ತಗದ

ಮೊನ್ನೆ ನಮ್ಮ ಸಾಹೇಬರ ಶೋಕಸಭೆ ಇತ್ತು. ಸೊಲ್ಲಾಪುರದ ಕೋರ್ಟಿನ ಬಾರ್ ರೂಮಿನಲ್ಲಿ ಅವರ ಫೋಟೋಕ್ಕೆ ಹಾರ ಹಾಕಿ, ಊದುಬತ್ತಿ ಹಚ್ಚಿ, ಸ್ವಲ್ಪ ಹೊತ್ತು ಎದ್ದು ನಿಂತು ಕೂತೆವು. ಆಮೇಲೆ ಮಾತು. ವಕೀಲರು ಸೇರಿದ ಕಡೆ ಮಾತಿಗೇನು ಬರಗಾಲ, ಅದರಲ್ಲೂ ಸತ್ತವರ ಬಗ್ಗೆ ಮಾತಾಡುವಾಗ ಎದುರು ವಕೀಲನೂ ಇರುವುದಿಲ್ಲ. ಒಬ್ಬರಾದ ಮೇಲೊಬ್ಬರು ಎದ್ದು ಮರಾಠಿಯಲ್ಲಿ ಅವರನ್ನು ಅಟ್ಟಕ್ಕೇರಿಸಿದರು. ಕೊನೆಗೆ ಹಿರಿಯರೊಬ್ಬರು ಎದ್ದು, ದುಃಖ ಸಾಕು, ನಮ್ಮನ್ನೆಲ್ಲ ನಗಿಸಿದ ಮನುಷ್ಯ, ನಗುತ್ತಲೇ ಕಳಿಸೋಣ ಎಂದು ಬ್ರೇಕಿನ ಕತೆ ಹೇಳಿದರು. ಗಂಡ ಕನ್ನಡದಲ್ಲಿ ಒಂದು ಅಂದ, ಹೆಂಡತಿ ಮರಾಠಿಯಲ್ಲಿ ಇನ್ನೊಂದು ಕೇಳಿಸಿಕೊಂಡಳು, ಕಾರು ಹೋಗಿ ಖಡಿ ಕಲ್ಲಿನ ರಾಶಿಗೆ ಗುದ್ದಿತು. ಸಭೆಯೆಲ್ಲ ಕಣ್ಣೊರೆಸಿಕೊಳ್ಳುತ್ತ ನಕ್ಕಿತು. ಈ ಕತೆಯನ್ನು ಊರಿಗೆ ಹಬ್ಬಿಸಿದವರು ಸಾಹೇಬರೇ. ಆದರೆ ಕೊನೆಯ ವರ್ಷಗಳಲ್ಲಿ ಯಾರಾದರೂ ಅದನ್ನು ಎತ್ತಿದರೆ ಅವರು ಎದ್ದು ಹೊರಗೆ ಹೋಗುತ್ತಿದ್ದರು. ಅದನ್ನು ಯಾರೂ ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ.

ಮುಂದಿನ ಸಾಲಿನಲ್ಲಿ ಅವರ ಹೆಂಡತಿ ಕೂತಿದ್ದರು. ನಾವೆಲ್ಲ ಅವರಿಗೆ ಮರಾಠಿ ರೂಢಿಯಂತೆ ಕಾಕು, ಅಂದರೆ ಚಿಕ್ಕಮ್ಮ, ಅನ್ನುತ್ತೇವೆ. ಅವರೂ ಸಣ್ಣಗೆ ನಕ್ಕರು, ನಗುತ್ತ ಸೊಟ್ಟಗೆ ಕೂಡಿಕೊಂಡಿದ್ದ ಬಲಗೈ ಮಣಿಕಟ್ಟನ್ನು ಸೆರಗಿನೊಳಗೆ ಎಳೆದುಕೊಂಡರು. ಅದನ್ನು ನೋಡಿ ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಸತ್ತ ಗುರುವಿನ ಸಲುವಾಗಿ ನಾಚಿಕೆಪಡುವುದು ಶಿಷ್ಯನಿಗೆ ಶೋಭೆಯಲ್ಲ, ಗೊತ್ತು. ಆದರೆ ಆ ಕತೆ ಅರ್ಧದ್ದು. ಉಳಿದ ಅರ್ಧವನ್ನು ಬರೆಯಲೇ ಎಂದು ಹೊರಗೆ ಬಂದಾಗ ಕಾಕುವನ್ನು ಕೇಳಿದೆ. ಅವರು ಚಪ್ಪಲಿ ಮೆಟ್ಟುತ್ತ, “ಬರಿಯೂದಾದ್ರ ಪೂರ್ತಿ ಬರಿ” ಅಂದರು.

ತೊಂಬತ್ತರ ದಶಕದ ಮೊದಮೊದಲ ವರ್ಷಗಳಲ್ಲಿ ನಾನು ಅಕ್ಕಲಕೋಟದಿಂದ ಬಂದು ಸಾಹೇಬರ ಕೈಕೆಳಗೆ ಜೂನಿಯರ್ ಆಗಿ ಸೇರಿದೆ. ಹೆಸರು ಕೇಳಿದರು, ಊರು ಕೇಳಿದರು. ಹೆಸರನ್ನು ಅಲ್ಲೇ ಬಿಟ್ಟು ಊರನ್ನು ಇಟ್ಟುಕೊಂಡರು. ಅಂದಿನಿಂದ ನಾನು ಅವರ ಬಾಯಲ್ಲಿ ‘ಅಕ್ಕಲಕೋಟ’. ಅಕ್ಕಲಕೋಟ ಫೈಲ್ ತಾ, ಅಕ್ಕಲಕೋಟ ಇವತ್ತು ಊಟ ಮಾಡಿಲ್ಲ ಕಾಣಸ್ತದ ಮಾರಿ ನೋಡು, ಅಕ್ಕಲಕೋಟಕ್ಕ ಒಂದು ಕಪ್ಪು ಚಹಾ ಕೊಡ್ರಿ. ಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಯಾರಾದರೂ ನಿಜವಾದ ಹೆಸರಿನಿಂದ ಕರೆದರೆ ತಿರುಗಿ ನೋಡುವುದನ್ನೇ ಮರೆತೆ.

ಗಿಡ್ಡ ಆಳು, ದೊಡ್ಡ ದನಿ. ಆದರೆ ಕೋರ್ಟಿನಲ್ಲಿ ಅವರ ವಾದ ಚಿಕ್ಕದು. ಎದುರಿನವರು ಮಧ್ಯಾಹ್ನದ ಊಟದವರೆಗೆ ಎಳೆದರೆ ಇವರು ಎದ್ದು ನಾಲ್ಕು ಮಾತಾಡಿ ಕೂತುಬಿಡುತ್ತಿದ್ದರು. “ಹೊಡಿಯೂದು ಯಾರಿಗರೆ ಬರ್ತದ, ನಿಲ್ಲಸೂದು ಬರಬೇಕು” ಎನ್ನುವುದು ಅವರ ಮಂತ್ರ. ಕಾರಿಗೂ ಅದೇ, ವಾದಕ್ಕೂ ಅದೇ. ನಾನು ಎದ್ದು ನಿಂತು ಮಾತು ಉದ್ದ ಮಾಡಿದೆನೋ, ಮೇಜಿನ ಕೆಳಗೆ ನನ್ನ ಕಾಲಿನ ಮೇಲೆ ಅವರ ಬೂಟು ಬಂದು ಕೂರುತ್ತಿತ್ತು. ಬ್ರೇಕು. ನನ್ನ ಎಡಗಾಲಿನ ಬೂಟು ಯಾವಾಗಲೂ ಬಲಗಾಲಿನದಕ್ಕಿಂತ ಮೊದಲು ಹಾಳಾಗುತ್ತಿತ್ತು.

ಕನ್ನಡದ ಅಭಿಮಾನ ಅವರಿಗೆ ವಿಪರೀತ. ವಿಜಾಪುರದಿಂದ ಬರುವ ಕನ್ನಡ ಪೇಪರು ಒಂದು ದಿನ ತಡವಾಗಿ ಕೈ ಸೇರಿದರೂ ನಿನ್ನೆಯದನ್ನು ಇವತ್ತಿನದು ಎಂದೇ ಓದುತ್ತಿದ್ದರು. ಕೋರ್ಟಿನ ಕೆಲಸವೆಲ್ಲ ಮರಾಠಿ. ಮನೆಗೆ ಬಂದು ಕೋಟು ಕಳಚಿದರೆ ಕನ್ನಡ. ಕಾಕು ಸಾತಾರಾ ಕಡೆಯಿಂದ ಬಂದ ಸೊಸೆ. ಅತ್ತೆಗೆ ಮರಾಠಿ ಬರುತ್ತಿರಲಿಲ್ಲವಾದ್ದರಿಂದ ಅಡುಗೆಮನೆಯಲ್ಲಿ ಉಪ್ಪು ಹುಳಿಯ ಜೊತೆಯೇ ಕನ್ನಡ ಕಲಿತವರು. ಚೆನ್ನಾಗಿಯೇ ಆಡುತ್ತಿದ್ದರು, ಒಂದೇ ತೊಂದರೆ. ಮರಾಠಿಯಲ್ಲಿ ಗಾಡಿ, ಬಸ್ಸು ಎಲ್ಲ ಹೆಣ್ಣು. ಹಾಗಾಗಿ ಕಾಕು ಕನ್ನಡದಲ್ಲೂ “ಬಸ್ಸು ಬಂದಳು” ಅನ್ನುತ್ತಿದ್ದರು. ಸಾಹೇಬರು ಅದನ್ನು ಬಂದವರೆದುರು ಅನುಕರಿಸಿ ತೋರಿಸಿ ನಗಿಸುತ್ತಿದ್ದರು. ಕಾಕು ಚಹಾದ ತಾಟು ಇಟ್ಟು, ತಾವೂ ನಕ್ಕು, ಒಳಗೆ ಹೋಗುತ್ತಿದ್ದರು.

ಮನೆಯ ಮುಂದಿನ ಅಂಗಳದಲ್ಲಿ ಹಳೆಯ ಫಿಯಾಟ್ ಇತ್ತು. ಅದರ ಉಳಿದೆಲ್ಲ ಕೆಲಸ ಗ್ಯಾರೇಜಿನವರದು. ಬ್ರೇಕನ್ನು ಮಾತ್ರ ಸಾಹೇಬರು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಆಗಾಗ ಬ್ರೇಕಿನ ಹವಾ ತೆಗೆಯುವ ಕೆಲಸ ಇರುತ್ತದಲ್ಲ, ಅದು ಅವರಿಗೆ ಪೂಜೆ ಇದ್ದಹಾಗೆ. ಬ್ರೇಕಿನ ನಳಿಗೆಯಲ್ಲಿ ಆಯಿಲ್ ಇರಬೇಕು, ಗಾಳಿ ಇರಬಾರದು. ಗಾಳಿ ಹೊಕ್ಕರೆ ಪೆಡಲು ಮೆತ್ತಗಾಗುತ್ತದೆ, ಒತ್ತಿದರೆ ಒಳಗೆ ಹೋಗುತ್ತದೆಯೇ ಹೊರತು ಚಕ್ರ ಹಿಡಿಯುವುದಿಲ್ಲ. ಇದನ್ನು ತೆಗೆಯಲು ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕೂತು ಪೆಡಲು ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಹಿಂದೆ ಮಲಗಿ ಪಾನಾದಿಂದ, ಅಂದರೆ ಸ್ಪ್ಯಾನರಿನಿಂದ, ಸಣ್ಣ ನಿಪ್ಪಲನ್ನು ಸಡಿಲಿಸಬೇಕು. ಅದಕ್ಕೆ ಸಿಕ್ಕಿಸಿದ ರಬ್ಬರ್ ನಳಿಗೆಯ ಇನ್ನೊಂದು ತುದಿ ಬಾಟಲಿಯಲ್ಲಿನ ಆಯಿಲ್‌ನಲ್ಲಿ ಮುಳುಗಿರಬೇಕು. ಆಯಿಲ್ ಜೊತೆ ಗಾಳಿ ಗುಳ್ಳೆಗುಳ್ಳೆಯಾಗಿ ಹೊರಬರುತ್ತದೆ. ನಿಪ್ಪಲನ್ನು ಮತ್ತೆ ಬಿಗಿದ ಮೇಲೆಯೇ ಪೆಡಲಿನ ಮೇಲಿಂದ ಕಾಲು ತೆಗೆಯಬೇಕು. ಮೊದಲೇ ತೆಗೆದರೆ, ಆಗ ನಳಿಗೆಯೂ ಬಾಟಲಿಯ ಹೊರಗಿದ್ದರೆ, ಹೋದ ಗಾಳಿ ವಾಪಸು ಬಂದು ಕೂರುತ್ತದೆ.

ಸಾಹೇಬರು ಹರಿದ ಹಳೆಯ ಕರಿ ಕೋಟು ಹಾಕಿಕೊಂಡು ಗೋಣಿ ತಟ್ಟಿನ ಮೇಲೆ ಮಲಗುತ್ತಿದ್ದರು. ಸೀಟಿನಲ್ಲಿ ಕಾಕು. ಕೆಳಗಿನಿಂದ ಕೂಗು ಬರುತ್ತಿತ್ತು, ಒತ್ತು, ಹಿಡಿ, ಬಿಡು. ಈ ಮೂರೇ ಶಬ್ದ. ಓಣಿಯ ಹುಡುಗರಿಗೆಲ್ಲ ಬಾಯಿಪಾಠವಾಗಿತ್ತು. ಅಷ್ಟು ವರ್ಷ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡದೆ, ನಡುವೆ ಒಂದು ಗಾಡಿ ಇಟ್ಟುಕೊಂಡು, ಈ ಮೂರು ಶಬ್ದದ ಮೇಲೆ ತಪ್ಪಿಲ್ಲದೆ ಕೆಲಸ ಮಾಡಿದ್ದರು.

ಒಂದು ಗುರುವಾರ ಅಕ್ಕಲಕೋಟದ ಸ್ವಾಮಿಗಳ ದರ್ಶನಕ್ಕೆ ಹೋಗುವುದೆಂದಾಯಿತು. ಹೋಟಗಿಯಿಂದ ಸಾಹೇಬರ ಅಣ್ಣ ಬಂದಿದ್ದರು. ರೈಲ್ವೆಯಲ್ಲಿ ಗಾರ್ಡ್ ಆಗಿ ರಿಟೈರ್ ಆದವರು. ಅಣ್ಣ ತಮ್ಮಂದಿರ ನಡುವೆ ಪ್ರೀತಿಯೂ ಇತ್ತು, ಸಣ್ಣ ಜಿದ್ದೂ ಇತ್ತು. ನಮ್ಮ ರೈಲಿಗೆ ಗಾಳಿಯಿಂದಲೇ ಬ್ರೇಕು, ನಿನ್ನ ಗಾಡಿಗೆ ಗಾಳಿ ಹೊಕ್ಕರೆ ಬ್ರೇಕೇ ಇಲ್ಲ ಎಂದು ಅಣ್ಣ ಕೆಣಕುತ್ತಿದ್ದರು. ಆ ಬೆಳಿಗ್ಗೆ ಅಣ್ಣನೆದುರು ಸಾಹೇಬರು ಬ್ರೇಕಿನ ಹವಾ ತೆಗೆಯಲು ಕೂತರಂತೆ. ನಾನು ಆಗ ಅಲ್ಲಿರಲಿಲ್ಲ. ಕೋರ್ಟಿನಲ್ಲಿ ಒಂದು ಅರ್ಜಿ ಕೊಟ್ಟು ಸಾತ ರಸ್ತಾ ಚೌಕದಲ್ಲಿ ನಿಂತಿದ್ದೆ, ಬರುವಾಗ ಹತ್ತಿಸಿಕೊಂಡರು. ಅಣ್ಣ ಮುಂದೆ, ಹಿಂದೆ ಕಾಕು ಮತ್ತು ನಾನು. ಕಾಕುವಿನ ತೊಡೆಯ ಮೇಲೆ ಪೇಢೆಯ ಡಬ್ಬಿ.

ದಾರಿಯಲ್ಲಿನ ವಳಸಂಗ ಊರು ಇನ್ನೂ ಮುಂದಿತ್ತು. ಇಳಿಜಾರಿನಲ್ಲಿ ಕಬ್ಬು ಹೇರಿದ ಎತ್ತಿನ ಚಕ್ಕಡಿಯೊಂದು ರಸ್ತೆಗೆ ಅಡ್ಡ ಬಂತು. ಸಾಹೇಬರು ಬ್ರೇಕು ಒತ್ತಿದರು. ಪೆಡಲು ತಳ ಮುಟ್ಟಿತು, ಗಾಡಿ ನಿಲ್ಲಲಿಲ್ಲ. ಮತ್ತೆ ಒತ್ತಿದರು, ಮತ್ತೆ. ಬ್ರೇಕು ಹಿಡಿಯುವಷ್ಟರಲ್ಲಿ ಎತ್ತುಗಳನ್ನು ಉಳಿಸಲು ಸ್ಟಿಯರಿಂಗ್ ತಿರುಗಿಸಿಯಾಗಿತ್ತು. ಗಾಡಿ ಹೋಗಿ ರಸ್ತೆ ಪಕ್ಕದ ಖಡಿ ರಾಶಿಗೆ ಏರಿತು. ಕಾಕು ಮುಂದಿನ ಸೀಟಿಗೆ ಬಲಗೈ ಕೊಟ್ಟಿದ್ದರು. ಮುರಿದ ಸದ್ದು ನನಗೆ ಕೇಳಿಸಿತು. ಅವರು ಮೊದಲು ಕೇಳಿದ್ದು ಯಾರಿಗೂ ಪೆಟ್ಟಾಗಲಿಲ್ಲವಷ್ಟೆ ಎಂದು. ಆಮೇಲೆ ಪೇಢೆಗಳು ಕಾಲಡಿಗೆ ಬಿದ್ದಿವೆ, ತುಳಿಯಬೇಡ, ದೇವರದು ಅಂದರು.

ಸಂಜೆ ದವಾಖಾನೆಯಲ್ಲಿ ನೆಂಟರೆಲ್ಲ ಸೇರಿದರು. ಅಂಥ ಬ್ರೇಕಿನ ಪಂಡಿತರ ಗಾಡಿ ಹೀಗೆ ಹೇಗಾಯಿತು ಎಂದು ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಸಾಹೇಬರು ಮಂಚದ ಕಾಲಬಳಿ ನಿಂತು ಹೇಳಿದರು, “ನಾ ಬಿಡು ಅನ್ನೂದ್ರಾಗ ಈಕಿ ಕಾಲ ತಗದಾಳ. ಹವಾ ಒಳಗ ಹೊಕ್ಕದ. ಏನ ಮಾಡೂದು.”

ಕಾಕು ಪ್ಲಾಸ್ಟರಿನ ಕೈಯನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದರು. ಹೋ, ಮಾಝಂಚ ಚುಕಲಂ ಅಂದರು. ಹೌದು, ನನ್ನದೇ ತಪ್ಪು ಅಂತ. ಹೆಣ್ಣುಮಕ್ಕಳ ಕಾಲಲ್ಲಿ ಬ್ರೇಕು ಕೊಟ್ಟರೆ ಇನ್ನೇನಾದೀತು ಎಂದು ಅಣ್ಣ ನಕ್ಕರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಸೀನಿಯರ್ ಹೇಳಿದ ಮೇಲೆ ಜೂನಿಯರ್‌ಗೆ ಬೇರೆ ಸತ್ಯ ಎಲ್ಲಿರುತ್ತದೆ.

‘ಕಾಲ ತಗದಾಳ’ ಎನ್ನುವ ಮಾತು ಆಸ್ಪತ್ರೆಯಿಂದ ಬಾರ್ ರೂಮಿಗೆ ಬಂತು, ಅಲ್ಲಿಂದ ಮನೆಮನೆಗೆ ಹೋಯಿತು. ಅರಿಶಿನ ಕುಂಕುಮಕ್ಕೆ ಕರೆದವರು ಕೂಡ, ಕಾಕು, ಕೂಡ್ರಿ, ಈಗಲೇ ಕಾಲ ತಗೀಬ್ಯಾಡ್ರಿ ಎಂದು ಚೇಷ್ಟೆ ಮಾಡುತ್ತಿದ್ದರಂತೆ. ಕೈ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಜೋಳದ ಭಾಕರಿ ಬಡಿಯಲು ಮಣಿಕಟ್ಟು ತಿರುಗಬೇಕಲ್ಲ, ಅದು ತಿರುಗಲಿಲ್ಲ. ಮಧ್ಯಾಹ್ನ ನಾನು ಫೈಲು ಹಿಡಿದು ಹೋದಾಗ ಆ ಮನೆಯ ಒಳಗಿನಿಂದ ಬರುತ್ತಿದ್ದ ಭಾಕರಿಯ ಸದ್ದು ನಿಂತುಹೋಯಿತು. ಪೆಡಲಿನ ಮೇಲೆ ಈಗ ನನ್ನ ಕಾಲು. ಒತ್ತು, ಹಿಡಿ, ಬಿಡು ಎಂದು ಸಾಹೇಬರು ಕೂಗುವಾಗ ಅಡುಗೆಮನೆಯ ಕಿಟಕಿಯಲ್ಲಿ ಕಾಕು ನಿಂತಿರುತ್ತಿದ್ದರು.

ಮುಂದಿನ ಮಳೆಗಾಲ. ಹುಲಜಂತಿ ಕಡೆಯ ಒಬ್ಬ ಹೆಣ್ಣುಮಗಳ ಗೋಡೆಯ ಜಗಳ ನಮ್ಮ ಹತ್ತಿರ ಬಂದಿತ್ತು. ಅವಳು ಹಿತ್ತಿಲಲ್ಲಿ ಗೋಡೆ ಎಬ್ಬಿಸಿದ್ದಳು, ಮೈದುನ ಅದಕ್ಕೆ ಕೋರ್ಟಿನಿಂದ ತಡೆ ತಂದಿದ್ದ. ಕೋರ್ಟು ತಡೆ ಹಾಕುವ ಮೊದಲೇ ಗೋಡೆ ಮುಗಿದಿತ್ತೋ ಅಥವಾ ಆಮೇಲೆ ಕಟ್ಟಿದ್ದೋ, ಎಲ್ಲ ಅದರ ಮೇಲೆ ನಿಂತಿತ್ತು. ಆಕೆ ಕಟಕಟೆಯಲ್ಲಿ ಸೆರಗು ಹೊದ್ದು ನಿಂತಿದ್ದಳು. ಗೋಡೆ ಕಟ್ಟಿದ್ದು ಯಾವಾಗ ಎಂದು ಎದುರು ವಕೀಲರು ಮರಾಠಿಯಲ್ಲಿ ಕೇಳಿದರು. ಅಷ್ಟು ಮರಾಠಿ ಅವಳಿಗೆ ತಿಳಿಯುತ್ತಿತ್ತು. ಅವಳು “ಆತ್ರಿ, ಆತ” ಅಂದಳು. ಬರೆದುಕೊಳ್ಳುವವನು ‘ಆತಾ’ ಎಂದು ಬರೆದುಕೊಂಡ. ಎದುರು ವಕೀಲರು, ನೋಡಿ, ಸಾಕ್ಷಿಯೇ ಈಗ, ಅಂದರೆ ತಡೆ ಬಂದ ಮೇಲೆ, ಕಟ್ಟಿದ್ದು ಅನ್ನುತ್ತಿದ್ದಾಳೆ ಎಂದರು.

ಸಾಹೇಬರು ಎದ್ದರು. ಇಂಥ ಸಂದರ್ಭ ಅವರಿಗೆ ಹಬ್ಬದೂಟ. ಸ್ವಾಮಿ, ಈ ಹೆಣ್ಣುಮಗಳು ಕನ್ನಡದವಳು ಎಂದು ಮರಾಠಿಯಲ್ಲಿ ಶುರುಮಾಡಿದರು. ಮರಾಠಿಯಲ್ಲಿ ಆತಾ ಅಂದರೆ ಈಗ. ಇವಳ ಕನ್ನಡದಲ್ಲಿ ಆತ ಅಂದರೆ ಆಯಿತು, ಆಗಿಹೋಯಿತು. ಅವಳು ಅಂದದ್ದು ಒಂದು, ಇವರು ಕೇಳಿಸಿಕೊಂಡದ್ದು ಒಂದು. ಅವಳಾಡಿದ ಮಾತಿನಲ್ಲಿ ದೋಷವಿಲ್ಲ, ದೋಷ ಇರುವುದು...

ಅಲ್ಲಿಗೆ ನಿಂತರು. ಅವರು ವಾದವನ್ನು ಚಿಕ್ಕದು ಮಾಡುವವರು, ಹೀಗಾಗಿ ಮುಗಿಸಿದರೇನೋ ಎಂದುಕೊಂಡು ನ್ಯಾಯಾಧೀಶರು ತಲೆಯಾಡಿಸಿ ತಿದ್ದುಪಡಿ ಬರೆಸಿದರು. ನಾನು ಪಕ್ಕದಲ್ಲಿದ್ದೆ. ಅವರ ಕಿವಿ ಕೆಂಪಾಗಿತ್ತು. ಕೂತರು, ಕನ್ನಡಕ ತೆಗೆದು ಒರೆಸಿದರು, ಹಾಕಿಕೊಳ್ಳಲೇ ಇಲ್ಲ. ಮುಂದಿನ ಕೇಸು ಬೇರೆಯವರಿಗೆ ಒಪ್ಪಿಸಿ, “ನಡಿ ಅಕ್ಕಲಕೋಟ, ಮನಿಗೆ ಹೋಗೂಣು” ಅಂದರು.

ಕಾಕು ಅಡುಗೆಮನೆಯಲ್ಲಿ ಎಡಗೈಯಿಂದ ಸೊಪ್ಪು ಸೋಸುತ್ತಿದ್ದರು. ಸಾಹೇಬರು ಬೂಟು ಕಳಚದೆ ಒಳಗೆ ಹೋದರು. ಆವತ್ತು ಬೆಳಿಗ್ಗೆ ನಾನು ಕೆಳಗಿನಿಂದ ಏನಂದೆ ಎಂದು ಕೇಳಿದರು. ಯಾವತ್ತು ಎಂದು ಕಾಕು ಕೇಳಲಿಲ್ಲ. ನೀವು ಆತಾ, ಆತಾ ಅಂದಿರಿ, ಅದಕ್ಕೇ ಕಾಲು ತೆಗೆದೆ ಅಂದರು. ಆಗ ಸಾಹೇಬರು ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಒಂದೊಂದೇ ನೆನಪು ಮಾಡಿಕೊಂಡು ಹೇಳಿದರು. ಆಯಿಲ್ ಎಷ್ಟು ಕಪ್ಪಾಗಿದೆ ನೋಡು ಎಂದು ಅಣ್ಣನಿಗೆ ತೋರಿಸಲು ಬಾಟಲಿಯನ್ನು ಎತ್ತಿ ಹಿಡಿದಿದ್ದರು. ನಳಿಗೆ ಹೊರಗೆ ತೂಗಾಡುತ್ತಿತ್ತು. ನಿಪ್ಪಲು ಸಡಿಲವಿತ್ತು. ಆತೇನೊ ಎಂದು ಅಣ್ಣ ಕೇಳಿದ್ದಕ್ಕೆ ಆತ, ಆತ ಅಂದಿದ್ದರು. ಅಣ್ಣನಿಗೆ ಅಂದದ್ದನ್ನು ಹೆಂಡತಿ ತನಗೆ ಅಂದುಕೊಂಡಳು. ಹೇಳುತ್ತ ಹೇಳುತ್ತ ಅವರ ದನಿ ಹಗುರಾಯಿತು. ವಕೀಲರಲ್ಲವೆ, ಕಕ್ಷಿದಾರನಿಗೆ ದಾರಿ ಕಂಡಂತೆ ತಮಗೂ ಕಂಡಿತು. ಹಾಗಾದರೆ ತಪ್ಪು ನಿನ್ನದೂ ಅಲ್ಲ, ನನ್ನದೂ ಅಲ್ಲ, ಶಬ್ದದ್ದು ಎಂದರು. ನಕ್ಕರೂ ಕೂಡ.

ಕಾಕು ಸೊಪ್ಪಿನ ಮೇಲಿಂದ ತಲೆ ಎತ್ತಿದರು.

“ಶಬ್ದದ್ದು ಇರಲಿ. ಆಮ್ಯಾಲ ನಾ ಪೆಡಲ್ ಮೆತ್ತಗದ ಅಂದೆ. ನಿನ್ನ ಕಾಲ ಮೆತ್ತಗಾಗ್ಯಾವ ಅಂದ್ರಿ, ಭಾವನ್ನ ನೋಡಿ ನಕ್ಕಿರಿ. ಅದು ನಾ ಕನ್ನಡದಾಗ ಹೇಳಿದ್ದೆ.”

ಸಾಹೇಬರು ಬಾಗಿ ಬೂಟಿನ ಲಾಡಿ ಬಿಚ್ಚತೊಡಗಿದರು. ಇದನ್ನು ಅವರು ಮರೆತಿರಲಿಲ್ಲ, ಅದು ಅವರ ಮುಖದಲ್ಲೇ ಇತ್ತು. ಆ ಬೆಳಿಗ್ಗೆಯಿಂದ ಅವರಿಗೆ ಗೊತ್ತಿತ್ತು. ದವಾಖಾನೆಯಲ್ಲಿ ಮಂಚದ ಕಾಲಬಳಿ ನಿಂತು ಆಡುವಾಗಲೂ ಗೊತ್ತಿತ್ತು. ಅಣ್ಣನೆದುರು ಪೆಡಲನ್ನು ತಾವೇ ದಬದಬ ಒತ್ತಿ, ಈಗ ಘಟ್ಟಿ ಅದ ನೋಡು ಎಂದು ಹೊರಟಿದ್ದರಂತೆ. ಹಾಗೆ ಒತ್ತಿದರೆ ಗಾಳಿ ಹೊಕ್ಕ ಪೆಡಲೂ ಗಳಿಗೆ ಹೊತ್ತು ಗಟ್ಟಿಯಾಗುತ್ತದೆ, ಇದನ್ನು ನನಗೆ ಕಲಿಸಿದವರೇ ಅವರು. ನಾನು ಫೈಲುಗಳನ್ನು ಎದೆಗವಚಿಕೊಂಡು ಹೊಸ್ತಿಲ ಮೇಲೆ ನಿಂತಿದ್ದೆ. ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಮಾಡಿದವರು ಅವರು, ಮುಖ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದಾದವನು ನಾನು.

ಒಪ್ಪಿಕೊಳ್ಳುತ್ತಾರೆ ಎಂದು ನಾನು ಕಾದೆ. ಗಣಪತಿ ಹಬ್ಬಕ್ಕೆ ಅದೇ ಅಣ್ಣ, ಅದೇ ನೆಂಟರೆಲ್ಲ ಮನೆಗೆ ಬಂದರು. ಊಟವಾದ ಮೇಲೆ ಸಾಹೇಬರು ಗಂಟಲು ಸರಿಮಾಡಿಕೊಂಡು, ಆವತ್ತಿನ ವಿಷಯ ಒಂದು ಹೇಳಬೇಕು ಅಂದರು. ಕಾಕು ಅಡಿಕೆಯ ತಬಕು ಹಿಡಿದು ಬಾಗಿಲಲ್ಲಿ ನಿಂತರು. ಸಾಹೇಬರು ಹೇಳತೊಡಗಿದರು. ಹುಲಜಂತಿಯ ಹೆಣ್ಣುಮಗಳು, ಆತ, ಆತಾ, ಬಾಟಲಿ, ಅಣ್ಣನ ಪ್ರಶ್ನೆ. ಹೇಳುವ ಕಲೆ ಅವರಿಗೆ ಕೈಗೆ ಹತ್ತಿದ್ದು. ಜನ ಬಿದ್ದು ಬಿದ್ದು ನಕ್ಕರು. ಅಣ್ಣ, ಹಾಗಾದರೆ ನನ್ನಿಂದಲೇ ಆಯಿತಲ್ಲೋ ಎಂದು ಹೊಟ್ಟೆ ಹಿಡಿದುಕೊಂಡರು. ನಗು ನಿಂತ ಮೇಲೆ ಸಾಹೇಬರು ಬಾಯಿ ತೆರೆದರು. ಉಳಿದದ್ದನ್ನು ಈಗ ಹೇಳುತ್ತಾರೆ ಎಂದುಕೊಂಡೆ. ಅವರು ಎಲೆ ಅಡಿಕೆ ಕೇಳಿದರು.

ನಿಲ್ಲಿಸುವುದು ಬರಬೇಕು ಎನ್ನುತ್ತಿದ್ದ ಮನುಷ್ಯ ಅಲ್ಲಿ ನಿಲ್ಲಿಸಬಾರದಿತ್ತು. ಇಷ್ಟು ವರ್ಷದ ಮೇಲೆ ಬರೆಯುವಾಗಲೂ ನನಗೆ ಮೈ ಹಿಡಿಯಾಗುತ್ತದೆ. ಕಾಕು ತಬಕು ಇಟ್ಟು ಒಳಗೆ ಹೋದರು. 'ಕಾಲ ತಗದಾಳ' ಹೋಗಿ ಊರಲ್ಲಿ ಈ ಹೊಸ ಕತೆ ಬಂತು. ಇದು ಹಳೆಯದಕ್ಕಿಂತ ರುಚಿಯಾಗಿತ್ತು. ಇದರಲ್ಲಿ ಯಾರೂ ತಪ್ಪು ಮಾಡಿರಲಿಲ್ಲ.

ಆವತ್ತಿನಿಂದ ಕಾಕು ಗಂಡನ ಜೊತೆ ಕನ್ನಡ ಬಿಟ್ಟರು. ಜಗಳವಿಲ್ಲ, ಸಿಟ್ಟಿಲ್ಲ. ಊಟಕ್ಕೆ ಕರೆಯುವುದು, ಔಷಧ ಕೊಡುವುದು, ಯಾರು ಬಂದಿದ್ದರು ಎಂದು ಹೇಳುವುದು, ಎಲ್ಲ ಮರಾಠಿಯಲ್ಲಿ. ನನ್ನ ಜೊತೆ, ಹಾಲಿನವಳ ಜೊತೆ ಮೊದಲಿನ ಹಾಗೆ ಕನ್ನಡವೇ. ಹೊರಗಿನವರಿಗೆ ಇದು ತಿಳಿಯುವಂಥದ್ದಲ್ಲ, ಸೊಲ್ಲಾಪುರದ ಮನೆಗಳಲ್ಲಿ ಯಾರು ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಎಂದು ಯಾರು ಲೆಕ್ಕ ಇಡುತ್ತಾರೆ. ಒಮ್ಮೆ ಫೈಲು ನೋಡುತ್ತ ನೋಡುತ್ತ ಸಾಹೇಬರು, “ಆಕಿ ನನ್ನ ಜೋಡಿ ಕನ್ನಡ ಬಿಟ್ಟಾಳ, ನೋಡಿದಿ?” ಅಂದರು. ನಾನು ಹೂಂ ಅಂದೆ. ಅವರು ಪುಟ ತಿರುಗಿಸಿದರು, ಆ ಪುಟದಲ್ಲಿ ಏನೂ ಓದಲಿಲ್ಲ. ಬಸ್ಸು ಬಂದಳು ಎಂದು ಅನುಕರಿಸಿ ತೋರಿಸುವುದನ್ನು ಅವರು ಯಾವಾಗಲೋ ಬಿಟ್ಟಿದ್ದರು.

ಅದೇ ಸುಮಾರಿಗೆ ಇನ್ನೊಂದು ಅಭ್ಯಾಸ ಶುರುವಾಯಿತು. ಎಲ್ಲಿಗೇ ಹೊರಡಲಿ, ಪಕ್ಕದ ಪೇಟೆಗೇ ಇರಲಿ, ಮೊದಲು ಕಾಕುವನ್ನು ಡ್ರೈವರ್ ಸೀಟಿನಲ್ಲಿ ಕೂರಿಸುತ್ತಿದ್ದರು. ಕಾಕು ಪೆಡಲು ಒತ್ತಬೇಕು. ಸಾಹೇಬರು ಬಾಗಿಲ ಹೊರಗೆ ಕೈ ಹಿಂದೆ ಕಟ್ಟಿ ನಿಂತು “ಹ್ಯಾಂಗದ?” ಎಂದು ಕೇಳುತ್ತಿದ್ದರು. ಕಾಕು ಮರಾಠಿಯಲ್ಲಿ, ಘಟ್ಟ ಆಹೇ, ಎಂದು ಹೇಳಿ ಇಳಿಯುತ್ತಿದ್ದರು. ಗಟ್ಟಿ ಇದೆ ಅಂತ. ಆಮೇಲೆ ಗಾಡಿ ಹೊರಡುತ್ತಿತ್ತು. ಮುದುಕನಿಗೆ ಹೆಂಡತಿಯ ಮೇಲೆ ಪ್ರೀತಿ ಉಕ್ಕಿದೆ ಎಂದು ಓಣಿಯವರು ನಗುತ್ತಿದ್ದರು. ನಾನು ಆ ಹೊತ್ತಿಗೆ ಬೇರೆ ಕಡೆ ನೋಡುತ್ತಿದ್ದೆ. ಬಾಯಿಂದ ಆಡಬೇಕಾದದ್ದನ್ನು ಆಡಲಾಗದೆ ಮನುಷ್ಯ ದಿನಾ ಹೀಗೆ ನಿಲ್ಲುವುದನ್ನು ನೋಡಲಾಗುತ್ತಿರಲಿಲ್ಲ.

ವರ್ಷಗಳು ಹೋದವು. ದಶಕ ಮುಗಿಯುತ್ತ ಬಂದಿತ್ತು. ಅಕ್ಕಲಕೋಟದಲ್ಲಿ ಅಣ್ಣನ ಮೊಮ್ಮಗಳ ಮದುವೆ. ಅಣ್ಣನನ್ನೂ ಬಂದ ನೆಂಟರಲ್ಲಿ ಒಬ್ಬಿಬ್ಬರನ್ನೂ ಕರೆದುಕೊಂಡು ಹೋಗುವುದು ಸಾಹೇಬರ ಪಾಲಿಗೆ ಬಂದಿತ್ತು. ನಾನೂ ಊರಿನವನೆಂದು ಹೊರಟಿದ್ದೆ. ಅಂಗಳದಲ್ಲಿ ಎಲ್ಲರೂ ಸಿಂಗರಿಸಿಕೊಂಡು ನಿಂತಿದ್ದರು. ಸಾಹೇಬರು ರೇಷ್ಮೆ ಜುಬ್ಬಾ ಹಾಕಿದ್ದರು. ಬೆಳಿಗ್ಗೆ ತಾವೇ ಶೆಡ್ಡಿನಿಂದ ಗಾಡಿ ತೆಗೆದು, ಗೇಟಿನ ತನಕ ತಂದು ನಿಲ್ಲಿಸಿ, ಒರೆಸಿದ್ದರು. ಅಣ್ಣ ಆಗಲೇ ಮುಂದಿನ ಸೀಟಿನಲ್ಲಿ, ನೆಂಟರು ಹಿಂದೆ ಕೂತಾಗಿತ್ತು. ಎಂದಿನಂತೆ ಕಾಕು ಡ್ರೈವರ್ ಸೀಟಿಗೆ ಹತ್ತಿದರು, ಜರಿಯ ಸೀರೆ ಸರಿಮಾಡಿಕೊಂಡು ಪೆಡಲು ಒತ್ತಿದರು.

“ಹ್ಯಾಂಗದ?”

ಕಾಕು ಅಣ್ಣನನ್ನು ಒಮ್ಮೆ ನೋಡಿದರು. ಆಮೇಲೆ ಗಂಡನನ್ನು ನೋಡಿ, “ಮೆತ್ತಗದ” ಅಂದರು.

ಅಣ್ಣ ನಕ್ಕುಬಿಟ್ಟರು. ಮುಹೂರ್ತ ಮೀರುತ್ತದೆ, ಈಗ ಆಕೆಯ ಮಾತು ಹಿಡಿದುಕೊಂಡು ಕೂಡುತ್ತೀಯಾ, ನಡಿ ಎಂದರು. ಸಾಹೇಬರು ಕಿಟಕಿಯೊಳಗೆ ಕೈ ಹಾಕಿ ಕೀಲಿ ತೆಗೆದುಕೊಂಡರು. ಎಲ್ಲರೂ ಇಳೀರಿ, ಎಸ್.ಟಿ. ಸ್ಟ್ಯಾಂಡಿಗೆ ಹೋಗಿ ಬಸ್ ಹಿಡೀರಿ ಎಂದರು. ಅಣ್ಣನಿಗೆ ಸಿಟ್ಟು ಬಂತು. ಮೊಮ್ಮಗಳ ಮದುವೆಗೆ ಅಜ್ಜ ಬಸ್ಸಿನಲ್ಲಿ ನಿಂತುಕೊಂಡು ಹೋಗಬೇಕೇ ಎಂದು ಕೂಗಾಡಿದರು. ಸಾಹೇಬರು ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದರು. ಅವರ ದನಿ ಕೋರ್ಟಿನ ದನಿಯಾಗಿರಲಿಲ್ಲ.

“ಅಣ್ಣಾ, ಆವತ್ತೂ ಈಕಿ ಹಿಂಗ ಅಂದಿದ್ಲು. ನಿನ್ನ ಮುಂದ ಅಂದಿದ್ಲು. ನಾ ಕೇಳಲಿಲ್ಲ. ಆಮ್ಯಾಲ ಕಾಲ ತಗದಾಳ ಅಂತ ಎಲ್ಲಾರ ಮುಂದ ಸುಳ್ಳ ಹೇಳಿದೆ. ಈಕಿ ಕೈ ಮುರದಾವ ನಾನು.”

ಅಣ್ಣ ಕಾಕುವಿನ ಕೈ ನೋಡಿ, ಬಾಗಿಲು ತೆಗೆದು ಇಳಿದರು. ಉಳಿದವರೂ ಒಬ್ಬೊಬ್ಬರಾಗಿ ಇಳಿದು ಅಕ್ಷತೆಯ ಚೀಲ ಹಿಡಿದು ಗೇಟು ದಾಟಿದರು. ಯಾರೂ ಯಾರ ಮುಖ ನೋಡಲಿಲ್ಲ. ನಾನು ಮಾತ್ರ ಹಿಂದೆ ಉಳಿದೆ.

ಗಾಡಿಯನ್ನು ನೆರಳಿಗೆ ತಾ ಎಂದು ಸಾಹೇಬರು ನನ್ನ ಕೈಗೆ ಕೀಲಿ ಕೊಟ್ಟರು. ಕಾಕು ಇಳಿದರು, ನಾನು ಕೂತೆ. ಬೇವಿನ ಗಿಡದ ಕೆಳಗೆ ತಂದು ಬ್ರೇಕು ಒತ್ತಿದೆ. ಪೆಡಲು ಕಲ್ಲಿನ ಹಾಗೆ ಇತ್ತು. ಮತ್ತೆ ಒತ್ತಿ ನೋಡಿದೆ. ಎಲ್ಲಿಯ ಮೆತ್ತಗೆ, ಎಲ್ಲಿಯ ಗಾಳಿ. ನಾನು ತಲೆ ಹೊರಹಾಕಿ, ಸಾಹೇಬ್ರ, ಇದು, ಎಂದು ಬಾಯಿ ತೆಗೆದೆ. ಬೆಳಿಗ್ಗೆ ಶೆಡ್ಡಿನಿಂದ ಗೇಟಿನ ತನಕ ಗಾಡಿ ತಂದು ನಿಲ್ಲಿಸಿದವರು ಅವರೇ ಎನ್ನುವುದು ಆಗ ಹೊಳೆಯಿತು. ಪೆಡಲು ಗಟ್ಟಿ ಇದೆಯೆಂದು ಅವರಿಗೂ ಗೊತ್ತಿತ್ತು.

“ಮೆತ್ತಗದ” ಅಂದರು ಸಾಹೇಬರು. “ಆಕಿ ಹೇಳ್ಯಾಳ.”

ಗೋಣಿ ತಟ್ಟು ಹಾಸಿದರು. ಹಳೆಯ ಕರಿ ಕೋಟು ತರಲೇ ಎಂದು ಕೇಳಿದೆ, ಬೇಡ ಎಂದು ರೇಷ್ಮೆ ಜುಬ್ಬಾದಲ್ಲೇ ಮಲಗಿ ಚಕ್ರದ ಹಿಂದೆ ಸರಿದರು. ಕಾಕು ಮತ್ತೆ ಹೋಗಿ ಸೀಟಿನಲ್ಲಿ ಕೂತರು. ಬಹಳ ವರ್ಷಗಳ ಮೇಲೆ ಆ ಅಂಗಳದಲ್ಲಿ ಆ ಕೂಗಿಗೆ ಮತ್ತೆ ಕಾಕುವಿನ ಕಾಲು. ಒತ್ತು. ಹಿಡಿ. ಬಿಡು. ಬಾಟಲಿ ಹಿಡಿದು ಪಕ್ಕದಲ್ಲಿ ಕೂತವನು ನಾನು. ಆಯಿಲ್ ತಿಳಿಯಾಗಿ ಇಳಿಯುತ್ತಿತ್ತು. ಒಂದು ಗುಳ್ಳೆಯೂ ಬರಲಿಲ್ಲ. ಒಂದು ಚಕ್ರ ಮುಗಿಸಿ ಇನ್ನೊಂದಕ್ಕೆ ಹೋದರು. ಅಲ್ಲೂ ಇಲ್ಲ. ನಾಲ್ಕೂ ಮುಗಿದ ಮೇಲೆ ಎದ್ದೇಳುತ್ತಾರೆ ಎಂದುಕೊಂಡೆ. ಅವರು ತಟ್ಟು ಎಳೆದುಕೊಂಡು ಹೋಗಿ ಮತ್ತೆ ಮೊದಲನೆಯ ಚಕ್ರದ ಹಿಂದೆ ಮಲಗಿದರು, ಪಾನಾ ಹಚ್ಚಿದರು.

“ಒತ್ತು” ಅಂದರು. ಕಾಕು ಒತ್ತಿದರು.

“ಹಿಡಿ” ಅಂದರು. ಕಾಕು ಹಿಡಿದರು. ಮುಂದಿನ ಶಬ್ದ ಕೆಳಗಿನಿಂದ ಬರಲಿಲ್ಲ. ನಾನು ಬಗ್ಗಿ ನೋಡಿದೆ. ಪಾನಾ ನಿಪ್ಪಲಿನ ಮೇಲೆ ಹಾಗೇ ಇತ್ತು, ತಿರುಗಿಸಿರಲಿಲ್ಲ. ಸಾಹೇಬರು ಆಯಿಲ್ ಹತ್ತಿದ ಕೈಯನ್ನು ಕಣ್ಣಿನ ಮೇಲೆ ಅಡ್ಡ ಇಟ್ಟುಕೊಂಡಿದ್ದರು.

ಮೇಲಿನಿಂದ ಕಾಕು ಕನ್ನಡದಲ್ಲಿ ಅಂದರು, “ಆತ ಬಿಡ್ರಿ.”

ಯಾರೂ ಬಿಡು ಅನ್ನದೆ ಅವರು ಪೆಡಲಿನ ಮೇಲಿಂದ ಕಾಲು ತೆಗೆದರು. ಕೆಳಗಿಳಿದು, ಅಕ್ಕಲಕೋಟ, ಚಹಾ ಕುಡೀತೀ ಏನು ಎಂದು ನನ್ನನ್ನು ಕೇಳಿ ಒಳಗೆ ಹೋದರು. ಸಾಹೇಬರು ಮಾತ್ರ ಬಹಳ ಹೊತ್ತು ಗಾಡಿಯ ಕೆಳಗಿನಿಂದ ಹೊರಗೆ ಬರಲಿಲ್ಲ.